ಬೆಂಚಿನ ಮೇಲೆ ಮೂರು ವರ್ಷ

ಬೆಂಗಳೂರಿನಲ್ಲಿ ಯಾರನ್ನಾದರೂ "ಬೆಂಚ್ ಮೇಲಿದ್ದಾನೆ" ಅಂದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಕೆಲಸ ಇದೆ, ಸಂಬಳ ಬರುತ್ತಿದೆ, ಪ್ರಾಜೆಕ್ಟ್ ಮಾತ್ರ ಇಲ್ಲ. ಬೆಳಗ್ಗೆ ಕಾರ್ಡ್ ತೋರಿಸಿ ಒಳಗೆ ಹೋಗಬೇಕು, ಮೂರು ಸಲ ಕಾಫಿ ಕುಡಿಯಬೇಕು, ಯಾವುದೋ ಪರೀಕ್ಷೆಗೆ ಓದುತ್ತಿರುವವರ ಹಾಗೆ ಕಾಣಬೇಕು. ನಾನು ಹೀಗೆ ಐದು ತಿಂಗಳು ಕೂತಿದ್ದವನು. ಮನೆಯಲ್ಲಿ ಹೇಳಿರಲಿಲ್ಲ. ಅಮ್ಮ ಫೋನಿನಲ್ಲಿ "ಕೆಲಸ ಜಾಸ್ತೀನಾ ಮಗಾ?" ಅಂದರೆ "ಹೂಂ ಅಮ್ಮ, ಉಸಿರಾಡೋಕೂ ಪುರುಸೊತ್ತಿಲ್ಲ" ಅನ್ನುತ್ತಿದ್ದೆ.

ಆ ಐದು ತಿಂಗಳ ಕೊನೆಗೆ ಆಸ್ಲೋದಲ್ಲಿ ಒಂದು ಪ್ರಾಜೆಕ್ಟ್ ಸಿಕ್ಕಿತು. 2015ರ ಆಗಸ್ಟ್. ಹೋದ ಎರಡನೇ ವಾರ ಊಟದ ಹೊತ್ತಿಗೆ ಎದುರು ಕೂತಿದ್ದ ನಾರ್ವೆಯವನು ಕೇಳಿದ: ನೀನು ಇಂಡಿಯಾದವನಲ್ವಾ, ನಮ್ಮ ತಂಡದಲ್ಲೊಬ್ಬ ಇಂಡಿಯಾದ ಗೋಲ್‌ಕೀಪರ್ ಇದ್ದಾನೆ, ಗೊತ್ತಾ? ಗೊತ್ತಿತ್ತು. ಗುರುಪ್ರೀತ್ ಸಿಂಗ್ ಸಂಧು. ಹಿಂದಿನ ವರ್ಷ ಕೋಲ್ಕತ್ತದ ಈಸ್ಟ್ ಬೆಂಗಾಲ್ ಬಿಟ್ಟು ಸ್ಟಾಬೆಕ್ ಎಂಬ ನಾರ್ವೆಯ ಫುಟ್‌ಬಾಲ್ ಕ್ಲಬ್ ಸೇರಿದ್ದು ಪೇಪರಿನಲ್ಲಿ ಬಂದಿತ್ತು. ಆಗ ಅವನಿಗೆ 22 ವರ್ಷ. "ಆಡ್ತಾನಾ?" ಅಂತ ಕೇಳಿದೆ. ಅವನು ತುಟಿ ಮುಂದೆ ಮಾಡಿ, "ಬೆಂಚ್‌ನಲ್ಲಿ ಇರ್ತಾನೆ" ಅಂದ.

ಅಷ್ಟು ಕೇಳಿದ್ದೇ ತಡ, ಕಂಡು ಕೇಳದ ಆ ಹುಡುಗನ ಮೇಲೆ ನನಗೊಂದು ಸಲಿಗೆ ಬಂದುಬಿಟ್ಟಿತು. ಆಟಗಾರರನ್ನು ಬಹುವಚನದಲ್ಲಿ ಕರೆದರೆ ಯಾರೋ ದೂರದವರ ಹಾಗೆ ಕೇಳುತ್ತದೆ, ಹಾಗಾಗಿ ಇಲ್ಲಿ ಎಲ್ಲರಿಗೂ ಏಕವಚನವೇ. ಹಿರಿಯರೊಬ್ಬರು ಮುಂದೆ ಬರುತ್ತಾರೆ, ಅವರನ್ನು ಬಿಟ್ಟು.

ಸ್ಟಾಬೆಕ್‌ನ ಮೈದಾನದ ಹೆಸರು ನಾಡೆರುಡ್. ಆಸ್ಲೋದ ಪಶ್ಚಿಮಕ್ಕೆ ಅಂಟಿಕೊಂಡೇ ಇರುವ ಬೇರುಮ್‌ನಲ್ಲಿದೆ. ಕೋಲ್ಸೋಸ್ ಕಡೆ ಹೋಗುವ ಮೆಟ್ರೊ ಹತ್ತಿ ಬೆಕ್ಕೆಸ್ಟುವಾದಲ್ಲಿ ಇಳಿದರೆ ನಡೆದು ಹೋಗಬಹುದು. ಕನ್ನಡದವನಿಗೆ ಆ ಸ್ಟೇಷನ್ ಹೆಸರು ಮರೆಯುವುದು ಕಷ್ಟ, ಬೆಕ್ಕು ಇದೆಯಲ್ಲ. ಅಲ್ಲಿಯ ಭಾಷೆಯಲ್ಲಿ ಬೆಕ್ ಅಂದರೆ ತೊರೆ. ಸ್ಟೇಡಿಯಂ ಅಂದುಕೊಂಡು ಹೋದರೆ ಸಿಗುವುದು ಕೆಲವೇ ಸಾವಿರ ಜನ ಕೂರುವ ಜಾಗ. ನೀಲಿ ಶಾಲು ಹೊದ್ದ ಅಜ್ಜಂದಿರು, ಅಪ್ಪನ ಹೆಗಲ ಮೇಲೆ ಮಕ್ಕಳು. ಸ್ಟಾಬೆಕ್ ತಂಡವನ್ನು ಅವರು 'ನೀಲಿಯವರು' ಅಂತ ಕರೆಯುತ್ತಾರೆ. ನಮ್ಮ ಬೆಂಗಳೂರು ಎಫ್‌ಸಿಯೂ ನೀಲಿಯೇ. ಅಲ್ಲಿ ಸಾಸೇಜನ್ನು ಆಲೂಗಡ್ಡೆಯಿಂದ ಮಾಡಿದ ತೆಳ್ಳಗಿನ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ನಾನು ಬರೀ ರೊಟ್ಟಿ ಕೊಡಿ ಅಂದೆ. ಅಂಗಡಿಯವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕೊಟ್ಟಳು.

ಯಾವ ತಂಡದ ವಿರುದ್ಧ ಪಂದ್ಯ, ಎಷ್ಟು ಗೋಲು, ಒಂದೂ ನೆನಪಿಲ್ಲ. ನೆನಪಿರುವುದು ಪಂದ್ಯಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ.

ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವರು ಕೀಪರ್‌ಗಳು. ಇಬ್ಬರು ಬಂದರು, ಜೊತೆಗೆ ಕೀಪರ್‌ಗಳ ಕೋಚ್. ಗುರುಪ್ರೀತ್‌ನನ್ನು ಗುರುತಿಸಲು ಕಷ್ಟವೇನಿರಲಿಲ್ಲ, ಆರೂವರೆ ಅಡಿಗೆ ಒಂದಿಂಚು ಕಮ್ಮಿ ಎತ್ತರ. ಗೋಲಿನಲ್ಲಿ ನಿಂತದ್ದು ಇನ್ನೊಬ್ಬ. ಇವನು ಹದಿನೈದು ಹೆಜ್ಜೆ ಹಿಂದೆ ನಿಂತು ಅವನಿಗೆ ಚೆಂಡು ಹೊಡೆದು ಕೊಡಲು ಶುರು ಮಾಡಿದ. ಮೊದಲು ನೇರ ಎದೆಗೆ. ಆಮೇಲೆ ಎಡಗಡೆ ನೆಲಕ್ಕೆ, ಬಲಗಡೆ ನೆಲಕ್ಕೆ. ಆಮೇಲೆ ತಲೆಯ ಮೇಲೆ. ನೋಡುತ್ತಾ ನೋಡುತ್ತಾ ನನಗೆ ಅರ್ಥವಾಗಿದ್ದು, ಇವನು ಗೋಲು ಹೊಡೆಯಲು ಹೊಡೆಯುತ್ತಿಲ್ಲ. ಎದುರಿನವನ ಕೈಗೆ ಇವತ್ತು ಚೆಂಡು ಚೆನ್ನಾಗಿ ಹತ್ತಬೇಕು, ಅವನಿಗೆ ಧೈರ್ಯ ಬರಬೇಕು, ಅಷ್ಟು ಅಳತೆ ಮಾಡಿ ಹೊಡೆಯುತ್ತಿದ್ದಾನೆ. ಸ್ವಲ್ಪ ಜೋರಾದರೆ ಎದುರಿನವನ ಮನಸ್ಸು ಕೆಡುತ್ತದೆ, ಸ್ವಲ್ಪ ಮೆತ್ತಗಾದರೆ ಅಭ್ಯಾಸವೇ ಆಗುವುದಿಲ್ಲ. ತನ್ನ ಜಾಗದಲ್ಲಿ ನಿಂತಿರುವವನನ್ನು ಚೆನ್ನಾಗಿ ಆಡುವ ಹಾಗೆ ಮಾಡುವುದು ಎರಡನೇ ಕೀಪರ್‌ನ ಕೆಲಸ. ಯೋಚಿಸಿ ನೋಡಿ, ಇದೆಂಥ ಕೆಲಸ ಅಂತ.

ಪಂದ್ಯ ಶುರುವಾದ ಮೇಲೆ ಜಾಕೆಟ್ ಹಾಕಿಕೊಂಡು ಕೂತ. ಎದುರಾಳಿಗೆ ಕಾರ್ನರ್ ಸಿಕ್ಕಾಗಲೆಲ್ಲ ಮುಂದೆ ಬಾಗುತ್ತಿದ್ದ. ಮೊಣಕಾಲ ಮೇಲಿದ್ದ ಎರಡು ಕೈಗಳೂ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಚೆಂಡು ದೂರ ಹೋದ ಮೇಲೆ ಮಡಚಿಕೊಳ್ಳುತ್ತಿದ್ದವು. ತೊಂಬತ್ತು ನಿಮಿಷವೂ ಇದೇ. ಪಂದ್ಯ ಮುಗಿದಾಗ ಎಲ್ಲರಿಗಿಂತ ಮೊದಲು ಓಡಿಹೋಗಿ ಆ ಇನ್ನೊಬ್ಬನನ್ನು ತಬ್ಬಿಕೊಂಡ.

ಆ ಇನ್ನೊಬ್ಬನ ಕತೆಯನ್ನೂ ಹೇಳಬೇಕು. ಹೆಸರು ಸಯೂಬಾ ಮಾಂಡೆ, ಐವರಿ ಕೋಸ್ಟ್‌ನವನು. ಅವನೂ ಪರದೇಶಿಯೇ. ಕ್ಲಬ್ಬಿನಲ್ಲಿ ಅವನು ಮೊದಲನೆಯವನು, ಆದರೆ ತನ್ನ ದೇಶದ ತಂಡದಲ್ಲಿ ಅವನದೂ ಬೆಂಚೇ. 2014ರ ವಿಶ್ವಕಪ್‌ಗೆ ಹೋಗಿ ಒಂದೂ ಪಂದ್ಯ ಆಡದೆ ಬಂದ. 2015ರ ಆಫ್ರಿಕಾ ಕಪ್‌ಗೆ ಮೂರು ಕೀಪರ್‌ಗಳು ಹೋಗಿದ್ದರು: ಗ್ಬೊಹುಓ, ಬ್ಯಾರಿ, ಇವನು. ಫೈನಲ್‌ವರೆಗೆ ಆಡಿದ್ದು ಗ್ಬೊಹುಓ. ಫೈನಲ್‌ಗೆ ಅವನಿಗೆ ಗಾಯ. ಸುಮಾರು ಮೂರು ವಾರ ಬೆಂಚಿನಲ್ಲಿ ಕೂತಿದ್ದ ಬೂಬಾಕರ್ ಬ್ಯಾರಿ ಇಳಿದ. ಘಾನಾ ವಿರುದ್ಧ ಗೋಲಿಲ್ಲದೆ ಪಂದ್ಯ ಮುಗಿದು ಪೆನಾಲ್ಟಿಗೆ ಹೋಯಿತು. ಎರಡೂ ತಂಡದ ಹತ್ತು ಹತ್ತು ಜನ ಹೊಡೆದು ಮುಗಿಸಿ, ಕೊನೆಗೆ ಕೀಪರ್‌ಗಳೇ ಒಬ್ಬರಿಗೊಬ್ಬರು ಹೊಡೆಯಬೇಕಾಯಿತು. ಬ್ಯಾರಿ ಘಾನಾದ ಕೀಪರ್ ಹೊಡೆದದ್ದನ್ನು ತಡೆದ. ಆಮೇಲೆ ತಾನೇ ಹೋಗಿ ಹೊಡೆದು ಗೋಲು ಮಾಡಿದ. 9-8. ಆ ರಾತ್ರಿ ಮಾಂಡೆ ಬೆಂಚಿನಿಂದ ಎದ್ದು ಓಡಿದ್ದಿರಬೇಕು. ಆರು ತಿಂಗಳ ನಂತರ ನಾನು ನಾಡೆರುಡ್‌ನಲ್ಲಿ ನೋಡಿದಾಗ ಅದೇ ಮಾಂಡೆಗೆ ಗುರುಪ್ರೀತ್ ಚೆಂಡು ಹೊಡೆದು ಕೊಡುತ್ತಿದ್ದ. ಈ ಬೆಂಚು ಎಷ್ಟು ಉದ್ದ ಇದೆ ನೋಡಿ.

ಬೇರೆ ಆಟಗಾರರಿಗೆ ಹೀಗಿರುವುದಿಲ್ಲ. ಫಾರ್ವರ್ಡ್ ಆದವನು ಕೊನೆಯ ಹತ್ತು ನಿಮಿಷಕ್ಕೆ ಇಳಿಯಬಹುದು, ಎಡಕ್ಕೆ ಆಡುವವನನ್ನು ಬಲಕ್ಕೆ ಹಾಕಬಹುದು. ಕೀಪರ್‌ಗೆ ಇರುವುದು ಒಂದೇ ಖುರ್ಚಿ. ಕೂತವನು ಗಾಯಗೊಳ್ಳಬೇಕು, ಇಲ್ಲವೇ ರೆಡ್ ಕಾರ್ಡ್ ಪಡೆಯಬೇಕು, ಇಲ್ಲವೇ ಪದೇ ಪದೇ ಎಡವಬೇಕು. ಅಂದರೆ ನಿನ್ನ ಅದೃಷ್ಟ ಇರುವುದು ನಿನ್ನ ಗೆಳೆಯನ ಕಷ್ಟದಲ್ಲಿ. ಮತ್ತೆ ಅವನ ಜೊತೆಗೇ ದಿನಾ ಅಭ್ಯಾಸ. ಇದರ ಮೇಲೆ ಪರದೇಶ ಬೇರೆ. ಹೊರಗಿನಿಂದ ಬಂದವನು ಅಲ್ಲಿಯವನಷ್ಟೇ ಚೆನ್ನಾಗಿದ್ದರೆ ಸಾಲದು, ಒಂದು ಕೈ ಜಾಸ್ತಿಯೇ ಇರಬೇಕು. ಇದನ್ನು ಆನ್‌ಸೈಟ್ ಹೋಗಿಬಂದ ಯಾರಿಗೂ ವಿವರಿಸಬೇಕಿಲ್ಲ.

ಅಷ್ಟಕ್ಕೂ ನಮ್ಮವರಿಗೆ ಯುರೋಪಿನ ಬಾಗಿಲು ತೆರೆಯುವುದೇ ಕಷ್ಟ. 2009ರಲ್ಲಿ ಸುನಿಲ್ ಚೆಟ್ರಿಗೆ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಜಾಗ ಕೊಟ್ಟಿತ್ತು. ವರ್ಕ್ ಪರ್ಮಿಟ್ ಸಿಗಲಿಲ್ಲ. ಭಾರತದ ಫಿಫಾ ರ‍್ಯಾಂಕ್ ತುಂಬಾ ಕೆಳಗಿದೆ ಅನ್ನುವುದು ಕಾರಣ. ಆಡುವವನು ಎಷ್ಟೇ ಚೆನ್ನಾಗಿ ಆಡಲಿ, ಅವನ ದೇಶದ ಮಾರ್ಕ್ಸ್ ಕಾರ್ಡ್ ನೋಡುತ್ತಾರೆ. ಕೀಪರ್ ಸುಬ್ರತ ಪಾಲ್ 2014ರಲ್ಲಿ ಡೆನ್ಮಾರ್ಕಿನ ವೆಸ್ಟ್‌ಶೆಲಾಂಡ್ ಕ್ಲಬ್ ಸೇರಿದ್ದ. ಲೀಗ್ ಪಂದ್ಯ ಆಡುವ ಅವಕಾಶವೇ ಬರಲಿಲ್ಲ. 2011ರ ಏಷ್ಯಾ ಕಪ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಒಂದಾದ ಮೇಲೊಂದು ಚೆಂಡು ತಡೆದು 'ಸ್ಪೈಡರ್‌ಮ್ಯಾನ್' ಅನ್ನಿಸಿಕೊಂಡವನ ಗತಿಯೇ ಅದು.

ನನಗೆ ಕೀಪರ್‌ಗಳ ಮೇಲೆ ಇಷ್ಟೊಂದು ಕಾಳಜಿ ಯಾಕೆ ಅಂದರೆ, ಕಾಲೇಜಿನಲ್ಲಿ ನಾನೂ ಎರಡನೇ ಕೀಪರ್ ಆಗಿದ್ದೆ. ಆದದ್ದು ಹೇಗೆ ಅಂತ ಕೇಳಬೇಡಿ. ನಮ್ಮ ಕಡೆ ಗೋಲಿಗೆ ನಿಲ್ಲಿಸುವುದು ಓಡಲು ಆಗದವರನ್ನು, ಇಲ್ಲವೇ ಚೆಂಡು ತಂದವನ ತಮ್ಮನನ್ನು. ನಾನು ಮೊದಲನೇ ಜಾತಿಗೆ ಸೇರಿದವನು. ಹುಡುಗರು ಕೀಪರನ್ನು 'ಗೋಲಿ' ಅನ್ನುತ್ತಿದ್ದರು. ಒಂದು ದಿನ ಗೆಳೆಯನೊಬ್ಬ ಮನೆಗೆ ಬಂದು "ಅಜ್ಜಿ, ಇವನು ನಮ್ಮ ಕಾಲೇಜಿನ ಗೋಲಿ" ಅಂದುಬಿಟ್ಟ. ಅಜ್ಜಿ ನನ್ನ ಮುಖ ನೋಡಿ, "ಫೀಸು ಕಟ್ಟಿ ಕಾಲೇಜಿಗೆ ಕಳಿಸಿದ್ರೆ ಇನ್ನೂ ಗೋಲಿ ಆಡ್ಕೊಂಡಿದೀಯೇನೋ?" ಅಂದರು. ಎರಡು ವರ್ಷದಲ್ಲಿ ನಾನು ಆಡಿದ್ದು ಒಂದೂವರೆ ಪಂದ್ಯ. ಆ ಅರ್ಧ ಪಂದ್ಯದಲ್ಲಿ ನಾಲ್ಕು ಗೋಲು ತಿಂದೆ.

ಹಾಗಾಗಿ ಗ್ಲೌಸ್ ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು. ಕೀಪರ್ ಗ್ಲೌಸಿನ ಅಂಗೈಗೆ ಲ್ಯಾಟೆಕ್ಸ್ ಹಾಕಿರುತ್ತಾರೆ. ಅದು ಒಣಗಿದ್ದರೆ ಚೆಂಡು ಜಾರುತ್ತದೆ. ಸ್ವಲ್ಪ ಒದ್ದೆ ಇದ್ದರೆ ಹಿಡಿಯುತ್ತದೆ. ಕೀಪರ್‌ಗಳು ಆಗಾಗ ಅಂಗೈಗೆ ಉಗುಳಿ ಉಜ್ಜಿಕೊಳ್ಳುವುದು ಅಸಹ್ಯದ ಚಾಳಿಯಲ್ಲ, ಅದಕ್ಕೊಂದು ಕಾರಣ ಇದೆ. ಆಡಿ ಬಂದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ. ಬೆಂಗಳೂರಿನ ಜುಲೈನಲ್ಲಿ ಬ್ಯಾಗಿನಲ್ಲೇ ಮೂರು ದಿನ ಮರೆತರೆ ಇಡೀ ರೂಮು ಖಾಲಿ ಮಾಡಬೇಕಾಗುತ್ತದೆ. ಇನ್ನು ಆಸ್ಲೋದ ಚಳಿಯಲ್ಲಿ ಆ ಲ್ಯಾಟೆಕ್ಸ್ ಒಳ್ಳೆ ಚಪ್ಪಲಿ ಅಟ್ಟೆಯ ಹಾಗೆ ಗಡುಸಾಗುತ್ತದೆ. ಚೆಂಡೂ ಕಲ್ಲಾಗಿರುತ್ತದೆ. ಬೆರಳ ತುದಿಗೆ ಬಡಿದರೆ ನೋವು ಮೊಣಕೈವರೆಗೆ ಹೋಗುತ್ತದೆ.

ಮೊಹಾಲಿಯಲ್ಲಿ ಹುಟ್ಟಿ ಚಂಡೀಗಡದಲ್ಲಿ ಆಟ ಕಲಿತು ಕೋಲ್ಕತ್ತದ ಸೆಕೆಯಲ್ಲಿ ಬೆವತವನು ಗುರುಪ್ರೀತ್. ಆಸ್ಲೋದಲ್ಲಿ ಡಿಸೆಂಬರಿನಲ್ಲಿ ಬೆಳಗಾಗುವುದು ಒಂಬತ್ತು ದಾಟಿದ ಮೇಲೆ, ಮೂರೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಹಿಮದ ಕಾಟಕ್ಕೆ ಅಲ್ಲಿಯ ಲೀಗ್ ನಮ್ಮ ಹಾಗೆ ಚಳಿಗಾಲದಲ್ಲಿ ನಡೆಯುವುದಿಲ್ಲ. ಯುಗಾದಿ ಹೊತ್ತಿಗೆ ಶುರುವಾಗಿ ದೀಪಾವಳಿ ದಾಟಿ ಮುಗಿಯುತ್ತದೆ. ಮಧ್ಯದ ತಿಂಗಳುಗಳಲ್ಲಿ ಬರೀ ಅಭ್ಯಾಸ. ಎಷ್ಟೋ ಕಡೆ ಕೃತಕ ಹುಲ್ಲು. ಅದರ ಮೇಲೆ ಬಿದ್ದ ಚೆಂಡು ಪುಟಿಯುವ ರೀತಿಯೇ ಬೇರೆ, ನಮ್ಮ ಮೈ ಬಿದ್ದರಂತೂ ಮಂಡಿ ಚರ್ಮ ಉಳಿಯುವುದಿಲ್ಲ. ನಾನೇ ಆ ಚಳಿಗಾಲದಲ್ಲಿ ಆಫೀಸಿನಿಂದ ಕತ್ತಲಲ್ಲಿ ಬಂದು, ಸಾರು ಬಿಸಿ ಮಾಡಿಕೊಂಡು, ಕಿಟಕಿ ಹತ್ತಿರ ನಿಂತು ಕುಡಿಯುವಾಗ ಅವನ ನೆನಪು ಮಾಡಿಕೊಂಡಿದ್ದುಂಟು. ನನಗೆ ಕೊನೇಪಕ್ಷ ಪ್ರಾಜೆಕ್ಟ್ ಇತ್ತು.

ಕೀಪರ್‌ನ ಕೆಲಸವೂ ಈಗ ಹಳೆಯ ಕಾಲದ್ದಲ್ಲ. 1992ರಲ್ಲಿ, ಅಂದರೆ ಗುರುಪ್ರೀತ್ ಹುಟ್ಟಿದ ವರ್ಷವೇ, ಒಂದು ನಿಯಮ ಬದಲಾಯಿತು. ತನ್ನವರು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಆ ಒಂದೇ ನಿಯಮದಿಂದ ಕೀಪರ್‌ಗೆ ಕಾಲು ಬಂತು. ಈಗ ಅವನೂ ಪಾಸ್ ಕೊಡಬೇಕು, ಎದುರಾಳಿ ಮೈಮೇಲೆ ಬೀಳುತ್ತಿದ್ದರೂ ಹೆದರದೆ ಚೆಂಡು ನಿಲ್ಲಿಸಬೇಕು. ಯುರೋಪಿನ ಹುಡುಗರು ಇದನ್ನು ಎಂಟು ವರ್ಷದಿಂದಲೇ ಕಲಿಯುತ್ತಾರೆ. ನಮ್ಮಲ್ಲಿ ಕೀಪರ್ ಅಂದರೆ ಇನ್ನೂ ದೊಡ್ಡದಾಗಿ ಒದೆಯುವವನು. ಆಮೇಲೆ ನಿಲ್ಲುವ ರೀತಿ. ಎದುರಿನವನು ಹೊಡೆಯುವ ಆ ಕ್ಷಣಕ್ಕೆ ಕೀಪರ್‌ನ ಎರಡೂ ಕಾಲು ನೆಲದ ಮೇಲೆ ಅಲುಗಾಡದೆ ಇರಬೇಕು. ಹೆಜ್ಜೆ ಇಡುತ್ತಾ ಇದ್ದರೆ ಮುಗಿಯಿತು, ಆ ಕಡೆಗೆ ಹಾರಲು ಆಗುವುದಿಲ್ಲ. ಹಾರುವುದು ಟಿವಿಯಲ್ಲಿ ಕಾಣುತ್ತದೆ. ನಿಲ್ಲುವುದು ಕಾಣುವುದಿಲ್ಲ. ಗುರುಪ್ರೀತ್ ಆ ಮೂರು ವರ್ಷ ದಿನಾ ಬೆಳಗ್ಗೆ ಮಾಡಿದ್ದು ಬಹುಪಾಲು ಈ ಕಾಣದ ಕೆಲಸ.

ಆಗಿನ ಕೋಚ್ ಬಾಬ್ ಬ್ರಾಡ್ಲಿ, ಹಿಂದೆ ಅಮೆರಿಕ ತಂಡವನ್ನು ವಿಶ್ವಕಪ್‌ಗೆ ಕರೆದೊಯ್ದಿದ್ದವನು. 2015ರಲ್ಲಿ ಸ್ಟಾಬೆಕ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಆ ಚಿಕ್ಕ ಕ್ಲಬ್ಬಿಗೆ ಅದು ದೊಡ್ಡ ಮಾತು, ಯುರೋಪಿನ ಕ್ಲಬ್ಬುಗಳು ಆಡುವ ಯುರೋಪಾ ಲೀಗ್‌ನ ಅರ್ಹತಾ ಸುತ್ತಿಗೆ ಟಿಕೆಟ್ ಸಿಕ್ಕಿತು. ಬ್ರಾಡ್ಲಿ ಅದೇ ವರ್ಷದ ಕೊನೆಗೆ ಫ್ರಾನ್ಸಿಗೆ ಹೊರಟುಹೋದ. ನನ್ನ ಪ್ರಾಜೆಕ್ಟೂ ಮುಗಿದು ನಾನು ಊರಿಗೆ ಬಂದೆ.

2016ರಲ್ಲಿ ಗುರುಪ್ರೀತ್‌ಗೆ ಲೀಗ್ ಪಂದ್ಯ ಸಿಕ್ಕಿತು. ಎದುರಾಳಿ ಕ್ಲಬ್ಬಿನ ಹೆಸರು ಐಕೆ ಸ್ಟಾರ್ಟ್. ಸ್ಟಾರ್ಟ್ ಆಗಿದ್ದೇ ಸ್ಟಾರ್ಟ್ ವಿರುದ್ಧ ಅಂತ ನಾನು ಗೆಳೆಯರ ಗ್ರೂಪಿನಲ್ಲಿ ಹಾಕಿದೆ, ಯಾರೂ ನಗಲಿಲ್ಲ. ಜೂನ್ 30ಕ್ಕೆ ನಾಡೆರುಡ್‌ನಲ್ಲಿ ವೇಲ್ಸ್‌ನ ಕಾನಾಸ್ ಕೀ ಎಂಬ ಸಣ್ಣ ತಂಡದ ವಿರುದ್ಧ ಯುರೋಪಾ ಲೀಗ್ ಪಂದ್ಯ. ಗುರುಪ್ರೀತ್ ಮೊದಲ ಹನ್ನೊಂದರಲ್ಲಿದ್ದ. ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಅಂತ ಇಲ್ಲಿ ಪೇಪರುಗಳಲ್ಲೆಲ್ಲ ಬಂತು. ಅರ್ಧ ಗಂಟೆ ಆಗುವಷ್ಟರಲ್ಲಿ ಗಾಯವಾಗಿ ಹೊರಗೆ ಬಂದ. ಪಂದ್ಯ 0-0. ಮುಂದಿನ ವಾರ ವೇಲ್ಸ್‌ನಲ್ಲಿ ಸ್ಟಾಬೆಕ್ 0-1ಕ್ಕೆ ಸೋತು ಮನೆಗೆ ಬಂತು.

ಈ 'ಮೊದಲ ಭಾರತೀಯ' ಅನ್ನುವ ಪದದ ಮೇಲೆ ನನಗೆ ಸಿಟ್ಟಿದೆ. ಸುದ್ದಿಗೆ ಒಂದು ತಲೆಬರಹ ಸಿಗುತ್ತದೆ, ಸರಿ. ಆದರೆ ಆ ಅರ್ಧ ಗಂಟೆ ಮಾತ್ರ ಲೆಕ್ಕಕ್ಕೆ ಬಂದು, ಅದಕ್ಕಿಂತ ಮುಂಚಿನ ಎರಡು ವರ್ಷ ಗಾಳಿಗೆ ಹೋಗುತ್ತದೆ. "ಹೋಗಿ ಏನು ಮಾಡಿದ? ಎಷ್ಟು ಪಂದ್ಯ ಆಡಿದ?" ಅಂತ ಕೇಳುವವರೂ ಇದೇ ಲೆಕ್ಕದವರು. ಪಂದ್ಯ ಎಣಿಸಿದರೆ ಬೆರಳುಗಳಲ್ಲೇ ಮುಗಿದುಹೋಗುವ ಹಾಗಿದೆ, ನಿಜ. ಅಭ್ಯಾಸ ಎಣಿಸಿದರೆ ಸಾವಿರಕ್ಕೆ ಹತ್ತಿರ ಬರುತ್ತದೆ. ಆ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಯೂರ್ಟೊ ರಿಕೊ ವಿರುದ್ಧ ಭಾರತ 4-1ಕ್ಕೆ ಗೆದ್ದಾಗ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿದ್ದವನು ಗುರುಪ್ರೀತ್. ಕ್ಲಬ್ಬಿನಲ್ಲಿ ಬೆಂಚು, ದೇಶಕ್ಕೆ ಕ್ಯಾಪ್ಟನ್! ಮಾಂಡೆಯದು ಇದರ ತಿರುವುಮುರುವು.

2017ರ ಆಗಸ್ಟ್‌ನಲ್ಲಿ ಗುರುಪ್ರೀತ್ ಬೆಂಗಳೂರು ಎಫ್‌ಸಿಗೆ ಸಹಿ ಹಾಕಿದ. ಕೆಲವರು 'ವಾಪಸ್ ಬಂದ' ಅಂದರು, ಸೋತು ಬಂದವನ ಬಗ್ಗೆ ಹೇಳುವ ಧಾಟಿಯಲ್ಲಿ. ನಮ್ಮಲ್ಲಿ ಪರದೇಶಕ್ಕೆ ಹೋದವರು ಯಾಕೆ ವಾಪಸ್ ಬಂದರು ಅನ್ನುವುದಕ್ಕೆ ಎರಡೇ ಉತ್ತರ ಇರುವುದು: ವೀಸಾ ಮುಗಿಯಿತು, ಇಲ್ಲವೇ ಅಪ್ಪ ಅಮ್ಮನಿಗೆ ಹುಷಾರಿಲ್ಲ. ಆಡಬೇಕು ಅನ್ನಿಸಿತು, ಆಡಲು ಬಂದ ಅನ್ನುವ ಮೂರನೇ ಉತ್ತರ ಯಾರಿಗೂ ಹೊಳೆಯುವುದಿಲ್ಲ. ಬಂದವನು ಮುಂದಿನ ತಿಂಗಳೇ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಪಂದ್ಯಕ್ಕೆ ತಂಡದ ಜೊತೆ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ಗೆ ಹೋದ. ಅಲ್ಲಿ 0-0. ಇಲ್ಲಿ ಮೊದಲೇ 3-0 ಗೆದ್ದಿದ್ದರಿಂದ ಬೆಂಗಳೂರು ಮುಂದಿನ ಸುತ್ತಿಗೆ ಹೋಯಿತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್. ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಗೋಲು ಹೊಡೆದ. ಆ 120 ನಿಮಿಷ ನಮ್ಮ ಗೋಲುಪೆಟ್ಟಿಗೆಗೆ ಚೆಂಡು ಹೋಗಲಿಲ್ಲ ಅನ್ನುವುದನ್ನು ಯಾರೂ ತಲೆಬರಹ ಮಾಡಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 10, ದೋಹಾ. ಕತಾರ್ ಆಗಷ್ಟೇ ಏಷ್ಯಾ ಚಾಂಪಿಯನ್ ಆಗಿದ್ದ ತಂಡ. ಜ್ವರ ಬಂದು ಚೆಟ್ರಿ ಇರಲಿಲ್ಲ, ಗುರುಪ್ರೀತ್ ಕ್ಯಾಪ್ಟನ್. ಅವರು ಎರಡು ಡಜನ್‌ಗೂ ಜಾಸ್ತಿ ಸಲ ಹೊಡೆದರು, ಒಂದೂ ಒಳಗೆ ಹೋಗಲಿಲ್ಲ. ನಾನು ಆ ಪಂದ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಾರಿ ಹಿಡಿದದ್ದಕ್ಕಿಂತ ಸುಮ್ನೆ ನಿಂತು ಎದೆಗೆ ತೆಗೆದುಕೊಂಡ ಚೆಂಡುಗಳೇ ನನಗಿಷ್ಟ. ಎದುರಿನವನ ಕಾಲು ಚೆಂಡಿಗೆ ತಾಗುವ ಹೊತ್ತಿಗೆ ಇವನ ಎರಡೂ ಪಾದ ನೆಲಕ್ಕೆ ಅಂಟಿರುತ್ತವೆ. ಅಲ್ಲಿ ನನಗೆ ನಾಡೆರುಡ್ ಕಾಣುತ್ತದೆ.

ಈಗ ಆ ಹಿರಿಯರು. ಕೆಂಚಪ್ಪ ವರದರಾಜ್, ನಮ್ಮ ಬೆಂಗಳೂರಿನವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲು ಕಾದವರು. ಜುಲೈ 31, ಇಲ್‌ಫರ್ಡ್‌ನ ಮೈದಾನ, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸಾರಂಗಪಾಣಿ ರಾಮನ್ ಹೊಡೆದದ್ದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಅವರೂ ಇಲ್ಲಿಯವರೇ. ಸಿಕ್ಕ ಎರಡು ಪೆನಾಲ್ಟಿಗಳನ್ನು ನಮ್ಮವರು ಕಳೆದುಕೊಂಡರು. 89ನೇ ನಿಮಿಷದವರೆಗೆ 1-1. ಆಮೇಲೆ ಫ್ರಾನ್ಸಿನ ಗೋಲು. ಆ ಒಂದು ನಿಮಿಷ ವರದರಾಜ್ ಅವರಿಗೆ ಎಷ್ಟು ವರ್ಷ ನೆನಪಿತ್ತೋ. ಎರಡು ಪೆನಾಲ್ಟಿ ಹಾಳು ಮಾಡಿದರೂ ಕ್ಷಮೆ ಸಿಗುತ್ತದೆ, ಕೀಪರ್ ಕೈಯಿಂದ ಒಂದು ಜಾರಿದರೆ ಊರೆಲ್ಲ ಹೇಳಿಕೊಂಡು ತಿರುಗುತ್ತದೆ.

2023ರ ಜುಲೈ 4ಕ್ಕೆ ನಾನು ಕಂಠೀರವದಲ್ಲಿದ್ದೆ. ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್, ಕುವೈತ್ ವಿರುದ್ಧ. ಆಫೀಸಿನಿಂದ ಸೀದಾ ಹೋಗಿದ್ದೆ, ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಮೂರು ದಿನ ಮುಂಚೆ ಇದೇ ಮೈದಾನದಲ್ಲಿ ಲೆಬನಾನ್ ವಿರುದ್ಧದ ಸೆಮಿಫೈನಲ್ ಕೂಡ ಪೆನಾಲ್ಟಿಗೇ ಹೋಗಿ, ಗುರುಪ್ರೀತ್ ಒಂದು ತಡೆದಿದ್ದ. ಫೈನಲ್ 1-1 ಆಗಿ ಹೆಚ್ಚುವರಿ ಸಮಯವೂ ಮುಗಿಯಿತು. ಐದೈದು ಹೊಡೆದ ಮೇಲೂ ಸಮ, 4-4. ಮಹೇಶ್ ಸಿಂಗ್ ಆರನೆಯದನ್ನು ಹೊಡೆದ. ಈಗ ಕುವೈತ್‌ನ ಖಾಲಿದ್ ಹಾಜಿಯಾ.

ಹನ್ನೊಂದು ಮೀಟರ್ ದೂರ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಚೆಂಡು ಗೆರೆ ತಲುಪಲು ಬೇಕಾದದ್ದು 0.4 ಸೆಕೆಂಡ್. ಗೋಲಿನ ಅಗಲ 7.32 ಮೀಟರ್. ನೋಡಿ ಹಾರುತ್ತೇನೆ ಅಂದರೆ ಆಗದ ಮಾತು. ಹೊಡೆಯುವವನ ಸೊಂಟ, ನಿಲ್ಲಿಸಿದ ಕಾಲಿನ ಪಾದ ಯಾವ ಕಡೆ ತಿರುಗಿದೆ, ಇಷ್ಟರಲ್ಲೇ ಊಹೆ ಮಾಡಬೇಕು. ನನ್ನ ಪಕ್ಕದಲ್ಲಿದ್ದವರು ದೇವರನ್ನು ಕರೆಯುತ್ತಿದ್ದರು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಎರಡೂ ಕೈ ತಗ್ಗಿಸಿ, ಅಂಗೈ ತೆರೆದು ನಿಂತಿದ್ದ. ತನ್ನ ಎಡಕ್ಕೆ ಬಿದ್ದ. ಚೆಂಡು ಕೈಗೆ ತಾಗಿ ಹೊರಗೆ ಹೋದದ್ದು ನನಗೆ ಕಾಣಲಿಲ್ಲ, ಎದುರಿನ ಸಾಲಿನವರು ಎದ್ದುಬಿಟ್ಟಿದ್ದರು. ಗಲಾಟೆ ಕೇಳಿ ಗೊತ್ತಾಯಿತು. ಪಕ್ಕದ ಅಪರಿಚಿತರೊಬ್ಬರು ನನ್ನನ್ನು ಲ್ಯಾಪ್‌ಟಾಪ್ ಸಮೇತ ಎತ್ತಿ ಕೆಳಗಿಟ್ಟರು. "ಗುರು, ನಮ್ಮ ಗುರು!" ಅಂತ ಕೂಗುತ್ತಿದ್ದರು. 'ಗುರು' ಅಂದರೆ ನಾನೋ ಅವನೋ ಗೊತ್ತಾಗಲಿಲ್ಲ, ಬೆಂಗಳೂರಲ್ವಾ, ಎಲ್ಲರೂ ಗುರುವೇ.

ಮಗಳಿಗೆ ಈಗ ಹನ್ನೊಂದು. ಎರಡು ವರ್ಷದಿಂದ ಶನಿವಾರ ಭಾನುವಾರ ಫುಟ್‌ಬಾಲ್ ಕ್ಲಾಸಿಗೆ ಹೋಗುತ್ತಾಳೆ. ಯಾರೂ ಹೇಳದೆ ತಾನೇ ಗೋಲಿಗೆ ನಿಂತಳು. ಅವಳ ಬೀರುವಿನ ಬಾಗಿಲ ಮೇಲೆ ಅದಿತಿ ಚೌಹಾಣ್ ಚಿತ್ರ ಇದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಓದಲು ಹೋಗಿ, 2015ರಲ್ಲಿ ವೆಸ್ಟ್ ಹ್ಯಾಮ್ ಹೆಂಗಸರ ತಂಡದ ಕೀಪರ್ ಆದವಳು. ಮೊದಲ ಪಂದ್ಯದಲ್ಲೇ ಐದು ಗೋಲು ತಿಂದಳು, ಕೊವೆಂಟ್ರಿ ವಿರುದ್ಧ 0-5. ನನ್ನ ನಾಲ್ಕು ಗೋಲಿನ ಕತೆ ಕೇಳಿದಾಗ ಮಗಳು, "ಅದಿತಿಗಿಂತ ಒಂದು ಕಮ್ಮಿ, ಆದ್ರೆ ನೀನು ಬಿಟ್ಟುಬಿಟ್ಟೆ" ಅಂದಳು. ಉತ್ತರ ಇರಲಿಲ್ಲ.

ಕ್ಲಾಸಿನಲ್ಲಿ ಅವಳು ಎರಡನೇ ಕೀಪರ್. ಮೊದಲನೆಯವಳು ಅವಳಿಗಿಂತ ಒಂದು ಗೇಣು ಎತ್ತರ. ಪಂದ್ಯಕ್ಕೆ ಮುಂಚೆ ಇವಳು ಅವಳಿಗೆ ಚೆಂಡು ಹೊಡೆದು ಕೊಡುತ್ತಾಳೆ. ಶುರುವಿನಲ್ಲಿ ಬೇಕು ಅಂತಲೇ ಜೋರಾಗಿ ಹೊಡೆಯುತ್ತಿದ್ದಳು. ಈಗ ಅಳತೆ ಸಿಕ್ಕಿದೆ.

2025ರಲ್ಲಿ ಗುರುಪ್ರೀತ್ ಭಾರತ ತಂಡದಿಂದ ಹೊರಗೆ ಬಿದ್ದ. ವಯಸ್ಸು 33. ಮಾರ್ಚ್‌ನಲ್ಲಿ ಬಾಂಗ್ಲಾದೇಶ, ಜೂನ್‌ನಲ್ಲಿ ಹಾಂಗ್‌ಕಾಂಗ್, ಎರಡೂ ಪಂದ್ಯಕ್ಕೆ ವಿಶಾಲ್ ಕೈತ್ ನಿಂತ. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಬಂದ ಮೇಲೆ ಗುರುಪ್ರೀತ್ ಮತ್ತೆ ಒಳಗೆ. ಸೆಪ್ಟೆಂಬರ್ 8ಕ್ಕೆ ತಜಿಕಿಸ್ತಾನದ ಹಿಸೋರ್‌ನಲ್ಲಿ ಓಮನ್ ವಿರುದ್ಧ, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯ. ಮತ್ತೆ 1-1, ಮತ್ತೆ ಪೆನಾಲ್ಟಿ. ಮಗಳೂ ನಾನೂ ಸೋಫಾದ ಮೇಲೆ ಒಂದೇ ಫೋನಿಗೆ ತಲೆ ತಾಗಿಸಿಕೊಂಡು ನೋಡುತ್ತಿದ್ದೆವು. ಓಮನ್‌ನ ಕೊನೆಯ ಹೊಡೆತವನ್ನು ಅವನು ತಡೆದ. 3-2. ಓಮನ್ ವಿರುದ್ಧ ಭಾರತಕ್ಕೆ ಅದುವರೆಗೆ ಗೆಲುವೇ ಇರಲಿಲ್ಲ.

ಮಗಳು ಕೂಗಲಿಲ್ಲ. "ಅಪ್ಪ, ಇವನು ಮೊನ್ನೆವರೆಗೂ ಹೊರಗಿದ್ನಲ್ವಾ?"

"ಹೂಂ."

"ಈ ಶನಿವಾರ ನನ್ನ ಆಡಿಸ್ತಾರಾ?"

"ಗೊತ್ತಿಲ್ಲ ಪುಟ್ಟಾ."

ಅವಳು ಎದ್ದು ಬಚ್ಚಲ ಪಕ್ಕದ ತಂತಿಯ ಹತ್ತಿರ ಹೋದಳು. ಹಿಂದಿನ ದಿನ ತೊಳೆದು ಹಾಕಿದ್ದ ಗ್ಲೌಸ್ ಅಲ್ಲಿ ನೇತಾಡುತ್ತಿತ್ತು. ಒಂದೊಂದೇ ಬೆರಳು ಹಿಂಡಿ ನೋಡಿ, "ಹೆಬ್ಬೆರಳು ಇನ್ನೂ ಒದ್ದೆ" ಅಂದು ಫ್ಯಾನ್ ಹಾಕಲು ಹೋದಳು.